ಹದಿಹರೆಯದವರ ಮನೋಚಿಕಿತ್ಸೆ

ಹದಿಹರೆಯದವರ ಮನೋಚಿಕಿತ್ಸೆ ಎಂದರೆ ಬಾಲ್ಯ ದಾಟಿದ, ಆದರೆ ಬದುಕಿನಲ್ಲಿ ಇನ್ನೂ ನೆಲೆ ನಿಲ್ಲದ ವಯಸ್ಸಿನವರ ಮಾನಸಿಕ ತೊಂದರೆಗಳಿಗೆ ಮಾತು, ಅಭ್ಯಾಸ, ಕುಟುಂಬದ ನೆರವು ಮತ್ತು ಅಗತ್ಯವಿದ್ದರೆ ಔಷಧದ ಮೂಲಕ ಕೊಡುವ ಚಿಕಿತ್ಸೆ. ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19 ವರ್ಷದವರನ್ನು ಹದಿಹರೆಯದವರೆಂದೂ 15ರಿಂದ 24 ವರ್ಷದವರನ್ನು ಯುವಜನರೆಂದೂ ಗುರುತಿಸುತ್ತದೆ. ದೊಡ್ಡವರಲ್ಲಿ ಕಾಣುವ ಮನೋರೋಗಗಳಲ್ಲಿ ಸುಮಾರು ಅರ್ಧದಷ್ಟು 14ರ ಹೊತ್ತಿಗೆ, ಮುಕ್ಕಾಲು ಪಾಲು 24ರ ಹೊತ್ತಿಗೆ ತಲೆದೋರಿರುತ್ತವೆ ಎಂಬುದು ಈ ಎರಡು ಗುಂಪುಗಳನ್ನು ಒಟ್ಟಿಗೆ ನೋಡಲು ಮುಖ್ಯ ಕಾರಣ. ಹಿರಿಯರ ಚಿಕಿತ್ಸೆಯನ್ನೇ ಪ್ರಮಾಣ ತಗ್ಗಿಸಿ ಕೊಟ್ಟರೆ ಅದು ಹರೆಯದವರ ಚಿಕಿತ್ಸೆ ಆಗುವುದಿಲ್ಲ. ಇಲ್ಲಿ ರೋಗಿ ತಾನಾಗಿ ಬರುವುದು ಅಪರೂಪ, ಕರೆತರುವವರು ಬೇರೆ. ದೂರು ಕರೆತಂದವರದು, ನೋವು ಬಂದವರದು. ಎರಡೂ ಒಂದೇ ಆಗಿರುತ್ತವೆ ಎಂದುಕೊಳ್ಳುವುದೇ ಅನೇಕ ಚಿಕಿತ್ಸೆಗಳ ಮೊದಲ ತಪ್ಪು.

ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಮಹಾನಗರಗಳಲ್ಲಿ ಈ ಪ್ರಮಾಣ ಶೇ. 13.5, ಹಳ್ಳಿಗಳಲ್ಲಿ ಶೇ. 6.9. ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಹಳ್ಳಿಯ ಅಂಕಿ ಚಿಕ್ಕದು ನಿಜ, ಆದರೆ ಹಳ್ಳಿಯಲ್ಲಿ ಚಿಕಿತ್ಸೆ ಸಿಗುವ ಅವಕಾಶ ಅದಕ್ಕಿಂತಲೂ ಚಿಕ್ಕದು.

ಇದಕ್ಕೊಂದು ಉದಾಹರಣೆ ಗದಗ ಜಿಲ್ಲೆ. ಅದರ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳು ಬಹುಮಟ್ಟಿಗೆ ಎರೆಮಣ್ಣಿನ, ಮಳೆ ನೆಚ್ಚಿದ ಸೀಮೆ. ಕಡಲೆ, ಜೋಳ, ಹತ್ತಿ, ಉಳ್ಳಾಗಡ್ಡಿ ಕೈಗೆ ಹತ್ತದ ವರ್ಷ ದುಡಿಯುವ ವಯಸ್ಸಿನವರು ಗೋವಾ, ಮಂಗಳೂರು, ಬೆಂಗಳೂರಿನ ಕಡೆ ಗುಳೆ ಹೋಗುತ್ತಾರೆ, ಮಕ್ಕಳು ಅಜ್ಜ-ಅಜ್ಜಿಯ ಹತ್ತಿರ ಉಳಿಯುತ್ತಾರೆ. ರೋಣದ ಹತ್ತಿರದ ಸವಡಿಯಂಥ ಊರಿನಲ್ಲಿ ಹದಿನಾರರ ಹುಡುಗನೋ ಹುಡುಗಿಯೋ ‘ನನಗೆ ಖಿನ್ನತೆ ಆಗಿದೆ’ ಎಂದು ಹೇಳುವುದಿಲ್ಲ. ‘ತಲಿ ಹಿಡದಂಗ ಆಗೈತಿ’, ‘ಎದಿ ಧಡಧಡ ಬಡ್ಕೋತೈತಿ’, ‘ಕೈಕಾಲಾಗ ಸತ್ವ ಇಲ್ಲ’ ಎಂಬ ಮಾತು ಬರುತ್ತದೆ. ಮನಸ್ಸಿನ ನೋವು ಮೈಯ ಭಾಷೆಯಲ್ಲಿ ಹೊರಬೀಳುವುದು ಈ ಭಾಗಕ್ಕೆ ಮಾತ್ರ ಸೀಮಿತವಲ್ಲ. ಆದರೆ ಇದರಿಂದಾಗಿ ರಕ್ತಪರೀಕ್ಷೆ, ಸ್ಕ್ಯಾನಿಂಗ್, ಸಲೈನ್ ಎಂದು ತಿಂಗಳುಗಳು ಕಳೆಯುತ್ತವೆ, ಎಲ್ಲ ವರದಿಗಳೂ ಸರಿಯಾಗಿಯೇ ಬರುತ್ತವೆ. ಹುಡುಗರಲ್ಲಿ ಖಿನ್ನತೆ ದುಃಖಕ್ಕಿಂತ ಸಿಟ್ಟಾಗಿ ಕಾಣುವುದು ಹೆಚ್ಚು: ಶಾಲೆ ತಪ್ಪಿಸುವುದು, ತಾಯಿಯ ಮೇಲೆ ಹರಿಹಾಯುವುದು, ರಾತ್ರಿಯಿಡೀ ಮೊಬೈಲು, ಗುಟ್ಕಾ. ಮನೆಯವರು ಇದನ್ನು ‘ಸೊಕ್ಕು’ ಎನ್ನುತ್ತಾರೆ.

ಹುಡುಗಿಯರಲ್ಲಿ ಬೇರೊಂದು ಚಿತ್ರ ಕಾಣುತ್ತದೆ. ಇದ್ದಕ್ಕಿದ್ದಂತೆ ಹಲ್ಲು ಕಚ್ಚಿ ಬೀಳುವುದು, ಮೈ ಸೆಟೆಯುವುದು, ಮಾತು ನಿಲ್ಲುವುದು, ಒಮ್ಮೊಮ್ಮೆ ಬೇರೆ ಯಾರದೋ ದನಿಯಲ್ಲಿ ಮಾತಾಡುವುದು. ವೈದ್ಯಶಾಸ್ತ್ರ ಇದನ್ನು ವಿಘಟನೆಯ ತೊಂದರೆ ಎನ್ನುತ್ತದೆ, ಮನೆಯವರು ‘ಗಾಳಿ ಸೋಕೇತಿ’ ಎನ್ನುತ್ತಾರೆ. ಮೂಗಿಗೆ ಉಳ್ಳಾಗಡ್ಡಿ ಹಿಡಿದು, ಅಂಗೈಗೆ ಕೀಲಿ ಕೊಟ್ಟು ಎಚ್ಚರಿಸಿದ ಮೇಲೆ ದೇವರ ಗುಡಿಗೋ ದರ್ಗಾಕ್ಕೋ ಕರೆದೊಯ್ಯುವುದು ರೂಢಿ. ವೈದ್ಯರು ಮೊದಲು ಮಾಡಬೇಕಾದ ಕೆಲಸ ನಿಜವಾದ ಮೂರ್ಛೆರೋಗ ಅಲ್ಲವೆಂದು ಖಚಿತಪಡಿಸಿಕೊಳ್ಳುವುದು. ನಿದ್ದೆಯಲ್ಲಿ ಬರುವುದು, ನಾಲಿಗೆ ಕಚ್ಚುವುದು, ಬಿದ್ದು ಗಾಯವಾಗುವುದು, ಬಟ್ಟೆಯಲ್ಲೇ ಮೂತ್ರವಾಗುವುದು ಮೂರ್ಛೆರೋಗದ ಕಡೆ ಬೆರಳು ತೋರಿಸುತ್ತವೆ. ಎರಡೂ ಒಬ್ಬರಲ್ಲೇ ಇರುವುದೂ ಉಂಟು.

ವಿಘಟನೆಯೆಂದು ಗೊತ್ತಾದ ಮೇಲಿನ ಚಿಕಿತ್ಸೆಯಲ್ಲಿ ಔಷಧದ ಪಾತ್ರ ಕಡಿಮೆ. ‘ಏನೂ ಆಗಿಲ್ಲ, ನಾಟಕ’ ಎಂದು ಹೇಳಿ ಕಳಿಸುವುದು ಇಲ್ಲಿ ಆಗುವ ದೊಡ್ಡ ಕೆಡುಕು. ಹುಡುಗಿ ನಾಟಕ ಮಾಡುತ್ತಿಲ್ಲ, ಬಾಯಿಂದ ಹೇಳಲಾಗದ್ದನ್ನು ಮೈ ಹೇಳುತ್ತಿದೆ. ಎಸ್‌ಎಸ್‌ಎಲ್‌ಸಿ ಮುಗಿಯುತ್ತಲೇ ಗೊತ್ತುಮಾಡಿದ ಮದುವೆ, ಬಿಡಿಸಿದ ಶಾಲೆ, ಮನೆಯೊಳಗಿನವರಿಂದಲೇ ಆದ ಲೈಂಗಿಕ ಕಿರುಕುಳ, ಹೇಳಿಕೊಳ್ಳಲಾಗದ ಪ್ರೀತಿ, ಇವುಗಳಲ್ಲಿ ಯಾವುದಾದರೂ ಹಿಂದೆ ಇರಬಹುದು. ಆದ್ದರಿಂದ ಚಿಕಿತ್ಸಕರು ಒಂದೇ ಕಾಲಕ್ಕೆ ಎರಡು ಕೆಲಸ ನಡೆಸುತ್ತಾರೆ: ಮನೆಯವರ ನಡೆ ತಿದ್ದುವುದು, ಹಿಂದಿನ ಕಾರಣ ಹುಡುಕುವುದು. ಬಿದ್ದಾಗ ಸುತ್ತ ಜನ ನೆರೆಯುವುದನ್ನು, ಕೆಲಸದಿಂದ ಬಿಡುವು ಸಿಗುವುದನ್ನು ಮನೆಯವರು ತಗ್ಗಿಸಬೇಕು. ಬೀಳದೆ ಇದ್ದಾಗ ಅವಳ ಮಾತಿಗೆ ಹೊತ್ತು ಕೊಡಬೇಕು. ಹಿಂದಿನ ಕಾರಣ ತಿಳಿದ ಮೇಲೆ ಅದನ್ನು ಸರಿಪಡಿಸದೆ ಬೀಳುವುದನ್ನಷ್ಟೇ ನಿಲ್ಲಿಸಿದರೆ ತೊಂದರೆ ಬೇರೆ ರೂಪದಲ್ಲಿ ಮರಳುತ್ತದೆ. ಗುಡಿಗೆ ಹೋಗಬೇಡಿ ಎಂದು ಜಗಳಕ್ಕೆ ನಿಲ್ಲುವ ವೈದ್ಯರ ಬಳಿ ಕುಟುಂಬ ಎರಡನೆಯ ಸಲ ಬರುವುದಿಲ್ಲ. ಹರಕೆಯೂ ಇರಲಿ, ಚಿಕಿತ್ಸೆಯೂ ಇರಲಿ, ಹೊಡೆತ-ಬರೆ ಮಾತ್ರ ಬೇಡ ಎಂಬುದು ಅನುಭವಿಗಳು ಹಿಡಿಯುವ ದಾರಿ.

ಖಿನ್ನತೆ ಮತ್ತು ಆತಂಕಕ್ಕೆ ಹೆಚ್ಚು ಆಧಾರವಿರುವ ಮಾತಿನ ಚಿಕಿತ್ಸೆ ಸಿಬಿಟಿ ಎಂದು ಹೆಸರಾದ ಅರಿವು-ವರ್ತನಾ ಚಿಕಿತ್ಸೆ. ಅಮೆರಿಕದ ಏರನ್ ಬೆಕ್ 1960ರ ದಶಕದಲ್ಲಿ ಇದಕ್ಕೆ ರೂಪ ಕೊಟ್ಟರು. ಪಿಯುಸಿಯಲ್ಲಿ ಇಂಗ್ಲಿಷ್ ನಪಾಸಾದ ಹುಡುಗ ‘ನಾನು ಯಾವುದಕ್ಕೂ ಬಾರದವನು’ ಎನ್ನುತ್ತಾನೆ. ಒಂದು ವಿಷಯದ ಸೋಲಿನಿಂದ ಇಡೀ ಬದುಕಿನ ತೀರ್ಪಿಗೆ ಅವನು ಜಿಗಿದ ಜಾಗವನ್ನು ಅವನೇ ಕಂಡುಕೊಳ್ಳುವಂತೆ ಚಿಕಿತ್ಸಕರು ಪ್ರಶ್ನೆ ಕೇಳುತ್ತಾರೆ. ಜೊತೆಗೆ ದಿನಕ್ಕೊಂದು ಸಣ್ಣ ಕೆಲಸ, ಹೊಲಕ್ಕೆ ಹೋಗಿಬರುವುದೋ ಗೆಳೆಯನನ್ನು ಕಾಣುವುದೋ, ಬರೆದಿಟ್ಟುಕೊಂಡು ಮಾಡಿಸುತ್ತಾರೆ. ಗೀಳುರೋಗದಲ್ಲಿ ಅಂಜಿಕೆಯ ವಸ್ತುವನ್ನು ಹಂತಹಂತವಾಗಿ ಎದುರಿಸಿ, ಕೈ ತೊಳೆಯುವಂಥ ಕ್ರಿಯೆಯನ್ನು ತಡೆಹಿಡಿಯುವ ಅಭ್ಯಾಸ ಮುಖ್ಯ. ಪದೇಪದೇ ಮೈಗೆ ಗಾಯ ಮಾಡಿಕೊಳ್ಳುವವರಿಗೆ ಮಾರ್ಷಾ ಲೀನಹನ್ ರೂಪಿಸಿದ ಡಿಬಿಟಿ ಎಂಬ ಮಾತಿನ ಚಿಕಿತ್ಸೆ ನೆರವಾಗುತ್ತದೆ. ಮೊಬೈಲ್‌ನಂಥ ತಂತ್ರಜ್ಞಾನದ ಗೀಳಿಗೆಂದೇ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಎಂಬ ಚಿಕಿತ್ಸಾಲಯ ತೆರೆಯಿತು.

ಮಧ್ಯಮ ಮತ್ತು ತೀವ್ರ ಖಿನ್ನತೆಗೆ ಔಷಧ ಸೇರುತ್ತದೆ. 2004ರಲ್ಲಿ ಪ್ರಕಟವಾದ, 439 ಹರೆಯದವರನ್ನು ಒಳಗೊಂಡ ಅಮೆರಿಕದ ಅಧ್ಯಯನದಲ್ಲಿ ಫ್ಲೂಆಕ್ಸೆಟಿನ್ ಮಾತ್ರೆ ಮತ್ತು ಸಿಬಿಟಿ ಎರಡನ್ನೂ ಪಡೆದವರಲ್ಲಿ 12 ವಾರಕ್ಕೆ ಶೇ. 71ರಷ್ಟು ಮಂದಿ ಸುಧಾರಿಸಿದ್ದರು, ಮಾತ್ರೆಯೊಂದನ್ನೇ ಪಡೆದವರಲ್ಲಿ ಶೇ. 61. ಅದೇ ವರ್ಷ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಖಿನ್ನತೆಯ ಮಾತ್ರೆಗಳು ಕೆಲವು ಎಳೆಯರಲ್ಲಿ ಆತ್ಮಹತ್ಯೆಯ ಯೋಚನೆಗಳನ್ನು ಹೆಚ್ಚಿಸಬಹುದು ಎಂಬ ಎಚ್ಚರಿಕೆಯನ್ನು ಔಷಧದ ಮಾಹಿತಿಪತ್ರದಲ್ಲಿ ಕಡ್ಡಾಯ ಮಾಡಿತು. 2007ರಲ್ಲಿ ಆ ಎಚ್ಚರಿಕೆ 24ರ ವಯಸ್ಸಿನವರೆಗೆ ವಿಸ್ತರಿಸಿತು. ಇದರಿಂದ ಮಾತ್ರೆ ಕೊಡಬಾರದು ಎಂದಾಗುವುದಿಲ್ಲ, ಕೊಟ್ಟ ಮೊದಲ ವಾರಗಳಲ್ಲಿ ಕಣ್ಣಿಟ್ಟು ನೋಡಬೇಕು ಎಂದಷ್ಟೇ ಅರ್ಥ. ಅಂಥ ದಿನಗಳಲ್ಲಿ ಒಕ್ಕಲುತನದ ಮನೆಯವರು ಬೆಳೆಗೆ ಹೊಡೆಯುವ ಔಷಧಿಯನ್ನು ಬೀಗದೊಳಗೆ ಇಡಬೇಕು, ಇಲ್ಲವೇ ಮನೆಯಿಂದಲೇ ಹೊರಗೆ ಸಾಗಿಸಬೇಕು. ಈ ಸರಳ ಕ್ರಮ ಉಳಿಸಿದಷ್ಟು ಜೀವವನ್ನು ಎಷ್ಟೋ ದುಬಾರಿ ಯೋಜನೆಗಳು ಉಳಿಸಿರಲಾರವು.

ಗುಟ್ಟು ಕಾಯುವ ಪ್ರಶ್ನೆ ಈ ಚಿಕಿತ್ಸೆಯ ಬೆನ್ನೆಲುಬು. ಹರೆಯದವರ ಚಿಕಿತ್ಸೆಗೆ ಚೌಕಟ್ಟು ಹಾಕುವ 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರಂತೆ 18 ತುಂಬದವರ ಪರವಾಗಿ ಪೋಷಕರೇ ತೀರ್ಮಾನ ಮಾಡುತ್ತಾರೆ. ಒಳರೋಗಿಯಾಗಿ ಸೇರಿಸಿದರೆ ದೊಡ್ಡವರಿಂದ ಪ್ರತ್ಯೇಕ ಜಾಗ, ಜೊತೆಗೆ ಪೋಷಕರು ಇರಲೇಬೇಕು, ಹುಡುಗಿಯ ಪೋಷಕರು ಗಂಡಸಾದರೆ ಸಹಾಯಕಿಯೊಬ್ಬಳೂ ಇರಬೇಕು. ಅಪ್ರಾಪ್ತರಿಗೆ ವಿದ್ಯುತ್ ಕಂಪನ ಚಿಕಿತ್ಸೆಯನ್ನು ಪೋಷಕರ ಒಪ್ಪಿಗೆ ಮತ್ತು ಮಾನಸಿಕ ಆರೋಗ್ಯ ಮಂಡಳಿಯ ಅನುಮತಿ ಇಲ್ಲದೆ ಕೊಡುವಂತಿಲ್ಲ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ 115ನೆಯ ಸೆಕ್ಷನ್. ಪೊಲೀಸ್ ಕೇಸಿನ ಅಂಜಿಕೆಯಿಂದ ಯತ್ನವನ್ನು ‘ತಪ್ಪಿ ಕುಡಿದದ್ದು’ ಎಂದು ಬರೆಸುವ ಮನೆಗಳಿಗೆ ಇದು ತಿಳಿದಿರುವುದು ಕಡಿಮೆ. ಹೇಳಿದ್ದೆಲ್ಲ ಅಪ್ಪನಿಗೆ ತಲುಪುತ್ತದೆ ಎಂದು ಗೊತ್ತಾದರೆ ಹುಡುಗ ಬಾಯಿ ಬಿಡುವುದಿಲ್ಲ, ಏನೂ ತಲುಪುವುದಿಲ್ಲ ಎಂದರೆ ಅಪ್ಪ ಮುಂದಿನ ಸಲ ಬಸ್ಸು ಹತ್ತಿಸುವುದಿಲ್ಲ. ಪ್ರಾಣಕ್ಕೆ ಅಪಾಯವಿದ್ದರೆ ಮಾತ್ರ ಹೇಳುತ್ತೇವೆ, ಉಳಿದದ್ದು ನಮ್ಮಲ್ಲೇ ಎಂಬ ಕರಾರನ್ನು ಇಬ್ಬರ ಎದುರಿಗೂ ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯ ಪದ್ಧತಿ. 18ರೊಳಗಿನವರ ಮೇಲಾದ ಲೈಂಗಿಕ ಅಪರಾಧವನ್ನು ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕಾದ್ದರಿಂದ, ಗುಟ್ಟಿನ ಆ ಎಲ್ಲೆಯನ್ನೂ ಆಗಲೇ ತಿಳಿಸಬೇಕಾಗುತ್ತದೆ.

ಕರ್ನಾಟಕದಲ್ಲಿ ಮನೋರೋಗದ ಸೇವೆಯ ಬೇರು ಹಳೆಯದು. ಧಾರವಾಡದ ಮಾನಸಿಕ ಆಸ್ಪತ್ರೆ 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಆರಂಭವಾಯಿತು, ಈಗ ಡಿಮ್ಹಾನ್ಸ್ ಎಂಬ ಬೋಧನಾ ಸಂಸ್ಥೆ. ಹಳೆಯ ಹೆಸರು ಮಾತ್ರ ಜನರ ಬಾಯಿಂದ ಪೂರ್ತಿ ಅಳಿದಿಲ್ಲ. ಮಗಳನ್ನು ಅಲ್ಲಿಗೆ ಕರೆದೊಯ್ದರೆ ನಾಳೆ ವರ ಸಿಗುವುದಿಲ್ಲ ಎಂಬ ಅಳುಕು ಅದರಿಂದಲೇ ಹುಟ್ಟಿದ್ದು. 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ನಂತರ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಮನೋರೋಗ ನೋಡಬಹುದೇ ಎಂಬ ಪ್ರಯೋಗವನ್ನು ನಿಮ್ಹಾನ್ಸ್ 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಆದರೆ ಆ ಮಾದರಿ ದೊಡ್ಡವರ ತೀವ್ರ ರೋಗಗಳನ್ನು ಮನಸ್ಸಿನಲ್ಲಿಟ್ಟು ಕಟ್ಟಿದ್ದು, ಹರೆಯದವರು ಅದರಲ್ಲಿ ಬಹುಕಾಲ ಅಂಚಿನಲ್ಲೇ ಉಳಿದರು.

ಆ ಕೊರತೆ ತುಂಬುವ ಯತ್ನಗಳು ಬಂದದ್ದು ತಡವಾಗಿ. ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಬಂದು ರೋಗಿಗಳನ್ನು ನೋಡುತ್ತಾರೆ. 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಬಂದ ಹರೆಯದವರ ಚಿಕಿತ್ಸಾಲಯಗಳಿಗೆ ಕರ್ನಾಟಕದಲ್ಲಿ ‘ಸ್ನೇಹ ಕ್ಲಿನಿಕ್’ ಎಂದು ಹೆಸರು. ಯುವ ಸಬಲೀಕರಣ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ನಡೆಸುವ ‘ಯುವ ಸ್ಪಂದನ’ದಲ್ಲಿ ತರಬೇತಾದ ಯುವಕ-ಯುವತಿಯರೇ ತಮ್ಮ ವಯಸ್ಸಿನವರ ಮಾತು ಕೇಳುತ್ತಾರೆ. ಇದರ ಕೇಂದ್ರಗಳು ಆಸ್ಪತ್ರೆಯಲ್ಲಿರದೆ ಜಿಲ್ಲಾ ಕ್ರೀಡಾಂಗಣಗಳಲ್ಲಿ ಇರುವುದು ಜಾಣ ಆಯ್ಕೆ, ಕ್ರೀಡಾಂಗಣಕ್ಕೆ ಹೋದವರನ್ನು ಯಾರೂ ‘ಯಾಕ ಹೋಗಿದ್ದಿ?’ ಎನ್ನುವುದಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲೂ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು. ಆದರೆ ಮನೆಗೊಂದೇ ಮೊಬೈಲು, ಅದೂ ಅಣ್ಣನ ಕೈಯಲ್ಲಿ ಇರುವ ಕಡೆ ಹುಡುಗಿಗೆ ಈ ಸಂಖ್ಯೆ ಹೆಸರಿಗಷ್ಟೇ ಹತ್ತಿರ.

ಕನ್ನಡದಲ್ಲಿ ಮನಸ್ಸಿನ ಬಗ್ಗೆ ಬರೆದವರ ಸಾಲು ಸಣ್ಣದಲ್ಲ. ಹಾಸ್ಯಪತ್ರಿಕೆ ‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ‘ಮನ ಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಶಿವಮೊಗ್ಗದ ಡಾ. ಅಶೋಕ ಪೈ ಮನೋರೋಗದ ವಸ್ತುವನ್ನು ಸಿನಿಮಾಕ್ಕೂ ತಂದರು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಹಳ್ಳಿಯ ವಾಚನಾಲಯದವರೆಗೂ ಹೋಗಿವೆ. ಆದರೂ ಚಿಕಿತ್ಸೆಯ ಕೈಪಿಡಿಗಳು, ಪ್ರಶ್ನಾವಳಿಗಳು ಹೆಚ್ಚಾಗಿ ಇಂಗ್ಲಿಷಿನಿಂದ ಬಂದವು. ಅವುಗಳ ಪುಸ್ತಕಗನ್ನಡ ಗದಗ ಸೀಮೆಯ ಹುಡುಗಿಗೆ ಅರ್ಧ ಮಾತ್ರ ಮುಟ್ಟುತ್ತದೆ. ‘ನಿಮಗೆ ನಿರಾಶಾಭಾವ ಇದೆಯೇ?’ ಎಂದರೆ ಇಲ್ಲವೆನ್ನುವವಳು ‘ಮನಸ್ಸಿಗೆ ಏನರೆ ಹಚಗೊಂಡೀಯೇನವ್ವಾ?’ ಎಂದಾಗ ಅಳುತ್ತಾಳೆ.

ಸಿಬಿಟಿ ವಾರಕ್ಕೊಮ್ಮೆಯಂತೆ ಸಾಮಾನ್ಯವಾಗಿ 12ರಿಂದ 16 ಭೇಟಿ ಬೇಡುತ್ತದೆ. ರೋಣದ ಕಡೆಯಿಂದ ಗದಗಕ್ಕೆ ಬಂದು, ಅಲ್ಲಿಂದ ಸುಮಾರು 80 ಕಿ.ಮೀ. ದೂರದ ಧಾರವಾಡ ಮುಟ್ಟಿ ಮರಳುವುದೆಂದರೆ ಇಬ್ಬರ ಒಂದು ದಿನದ ಕೂಲಿ ಹೋದಂತೆ. 2015ರಲ್ಲಿ ಗದಗದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಮನೋವೈದ್ಯರನ್ನು ಕಾಣುವ ದಾರಿ ಮೊದಲಿಗಿಂತ ಮೊಟಕಾಗಿದೆ. ಆದರೂ ನಾಲ್ಕೈದು ಭೇಟಿಗೆ ಮುಗಿಯುವಂತೆ ಚಿಕಿತ್ಸೆಯನ್ನು ಬಿಗಿಗೊಳಿಸಿ, ನಡುವಿನ ವಾರಗಳನ್ನು ಫೋನಿನಲ್ಲಿ ತುಂಬುವುದು ಇಂಥ ಕಡೆ ಅನಿವಾರ್ಯ. ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಹುಷಾರಾದ ಮೇಲೂ ಆರು ತಿಂಗಳಿಂದ ವರ್ಷದವರೆಗೆ ಮುಂದುವರಿಸಬೇಕು. ಬಿತ್ತಿಗೆ, ಸುಗ್ಗಿ ಬಂದಾಗ ಭೇಟಿಗಳು ತಪ್ಪುತ್ತವೆ, ಹುಷಾರಾದಂತೆ ಕಂಡಾಗ ಮಾತ್ರೆ ತಾನಾಗಿ ನಿಲ್ಲುತ್ತದೆ. ರೋಗ ಮರುಕಳಿಸಿ ಬರುವ ಎಷ್ಟೋ ಹರೆಯದವರ ಹಿಂದಿನ ಚೀಟಿಯಲ್ಲಿ ಕೊನೆಯ ತಾರೀಖು ಮುಂಗಾರಿನದೋ ಕಡಲೆ ಕೀಳುವ ಕಾಲದ್ದೋ ಆಗಿರುತ್ತದೆ.