ಸತ್ತ ಮಂಗ ತೋರಿಸಿದ ನಕ್ಷೆ

1957ರ ಬೇಸಿಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅದೇ ಹೊತ್ತಿಗೆ ಕಾಡಂಚಿನ ಊರುಗಳಲ್ಲಿ ಜನ ವಿಪರೀತ ಜ್ವರ, ತಲೆನೋವು, ಮೈಕೈ ನೋವಿನಿಂದ ಹಾಸಿಗೆ ಹಿಡಿದರು. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿದಾಗ ಅಲ್ಲಿನವರಿಗೆ ಮೊದಲು ಹೊಳೆದದ್ದು ದಕ್ಷಿಣ ಅಮೆರಿಕದ ಹಳದಿ ಜ್ವರ. ಭಾರತದಲ್ಲಿ ಆ ಜ್ವರ ಇರಲಿಲ್ಲ, ಆದರೆ ಅದನ್ನು ಹರಡಬಲ್ಲ ಸೊಳ್ಳೆ ಇತ್ತು. ಭಯಪಡಲು ಅಷ್ಟು ಸಾಕಿತ್ತು.

ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮೊದಲಾದವರು ಮಲೆನಾಡಿಗೆ ಬಂದರು. ಸಿಕ್ಕಿದ ವೈರಸ್ ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗು ಹರಡುವ ಮೆದುಳು ಜ್ವರದ ವೈರಸ್ಸಿನ ಸಂಬಂಧಿಯಾಗಿತ್ತು. ಕ್ಯಾಸನೂರಿನ ಹೆಸರು ಅದಕ್ಕೆ ಅಂಟಿಕೊಂಡಿತು. ಊರಿನವರಿಗೆ ಮಾತ್ರ ಅದು ಮಂಗನ ಕಾಯಿಲೆ. ಅವರಿಟ್ಟ ಹೆಸರಿನಲ್ಲೇ ಒಂದು ಸಮೀಕ್ಷಾ ವಿಧಾನ ಅಡಗಿತ್ತು.

ಕಾಯಿಲೆ ಬಿದ್ದವರ ಮನೆಗಳನ್ನಷ್ಟೇ ನಕ್ಷೆಯಲ್ಲಿ ಗುರುತಿಸಿದರೆ ಸೋಂಕು ತಗುಲಿದ ಜಾಗ ಕಾಣುವುದಿಲ್ಲ. ಸೌದೆಗೋ ದರಗಿಗೋ ಹೋದವನಿಗೆ ಉಣುಗು ಕಚ್ಚುವುದು ಕಾಡಿನಲ್ಲಿ, ಅವನು ಮಲಗುವುದು ಮನೆಯಲ್ಲಿ. ಸತ್ತ ಮಂಗ ಬಿದ್ದ ಜಾಗ ವೈರಸ್ ಓಡಾಡುತ್ತಿರುವ ಕಾಡಿಗೆ ಹೆಚ್ಚು ಹತ್ತಿರದ ಗುರುತು. ಹೆಣ ತಣ್ಣಗಾದ ಮೇಲೆ ಉಣುಗುಗಳು ಅದನ್ನು ಬಿಟ್ಟು ನೆಲಕ್ಕಿಳಿಯುವುದರಿಂದ ಆ ಜಾಗವೇ ಅಪಾಯದ ಜಾಗವೂ ಹೌದು. ಹಾಗಾಗಿ ಮಂಗ ಸತ್ತಲ್ಲಿ ಮೆಲಾಥಿಯಾನ್ ಪುಡಿ ಎರಚುವುದು, ಸೋಂಕು ಖಚಿತವಾದ ಜಾಗದ ಸುತ್ತ ಐದು ಕಿಲೋಮೀಟರ್ ವೃತ್ತ ಎಳೆದು ಒಳಗಿನ ಊರುಗಳಿಗೆ ಲಸಿಕೆ ಹಾಕುವುದು ಆರೋಗ್ಯ ಇಲಾಖೆಯ ಪದ್ಧತಿಯಾಯಿತು.

ವೃತ್ತ ಎಳೆಯುವುದು ಸುಲಭ. ಆದರೆ ಅದು ಸಾವಿನ ಹಿಂದೆಯೇ ಹೋಗುತ್ತದೆ, ಮುಂದೆ ಹೋಗುವುದಿಲ್ಲ. ಎರಡು ದಶಕಕ್ಕೂ ಹೆಚ್ಚು ಕಾಲ ಶಿವಮೊಗ್ಗ ಮತ್ತು ಅದರ ಆಸುಪಾಸಿನ ಪೀಡೆ ಎನಿಸಿಕೊಂಡಿದ್ದ ಕಾಯಿಲೆ 1982ರ ಕೊನೆಯಲ್ಲಿ ದೂರದ ಬೆಳ್ತಂಗಡಿಯ ನಿಡ್ಲೆಯಲ್ಲಿ ಕಾಣಿಸಿಕೊಂಡಿತು. ಅಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದಿದ್ದರು. ಆಮೇಲೆ 2012ರಲ್ಲಿ ಬಂಡೀಪುರ, ಮುಂದೆ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ. ನಕ್ಷೆಯಲ್ಲಿ ಖಾಲಿ ಇದ್ದ ಜಾಗವೆಂದರೆ ಅನೇಕ ಸಲ ಯಾರೂ ಹುಡುಕದ ಜಾಗವೇ ಆಗಿತ್ತು.

ಮುಂದೆ ಎಲ್ಲಿ ಎಂಬುದಕ್ಕೆ ಸುಳಿವು 1960ರ ದಶಕದಲ್ಲೇ ಸಿಕ್ಕಿತ್ತು. ಕೊಲಂಬಿಯಾದಲ್ಲಿ ಹಳದಿ ಜ್ವರದ ಕೆಲಸ ಮಾಡಿದ್ದ ಹೋರ್ಹೆ ಬೋಶೆಲ್ ಇಲ್ಲಿ ನೋಡಿದ್ದು ದನಗಳನ್ನು. ಕಾಡು ಕಡಿದು ಗದ್ದೆ, ತೋಟ ಮಾಡಿದಲ್ಲಿ ಮೇಯಲು ಬಿಟ್ಟ ದನಗಳ ಮೈಯಲ್ಲಿ ಬೆಳೆದ ಉಣುಗುಗಳು ರಕ್ತ ಕುಡಿದು, ಉದುರಿ, ಕಾಡಂಚಿನಲ್ಲಿ ಮೊಟ್ಟೆಯಿಡುತ್ತವೆ. ದನ ವೈರಸ್ಸನ್ನು ಹೆಚ್ಚು ಹರಡದಿದ್ದರೂ ಉಣುಗಿನ ಸಂತಾನವನ್ನು ಸಾಕುತ್ತದೆ. 2020ರಲ್ಲಿ ಭಾರತ, ಬ್ರಿಟನ್ನಿನ ಸಂಶೋಧಕರು ಪ್ರಕಟಿಸಿದ ಅಪಾಯದ ನಕ್ಷೆಯೂ ಅದರ ಹತ್ತಿರಕ್ಕೇ ಬಂದು ನಿಂತಿತು: ನಿತ್ಯಹರಿದ್ವರ್ಣ ಕಾಡು, ತೋಟ ಕಲಸಿಕೊಂಡಿರುವ ಕಡೆ, ನಾಟಿ ದನ ಹೆಚ್ಚಿರುವ ಕಡೆ ಅಪಾಯ ಹೆಚ್ಚು. ದಟ್ಟ ಕಾಡಿನ ನಡುವಿಗಿಂತ ಅಡಿಕೆ ತೋಟದ ಬೇಲಿಯಾಚೆಗಿನ ಸೊಪ್ಪಿನಬೆಟ್ಟವನ್ನೇ ಗಮನಿಸಬೇಕು ಎಂದಾಯಿತು.

ಅದು ಪ್ರಕಟವಾಗುವ ಮೊದಲೇ, 2018ರ ಡಿಸೆಂಬರಿನಿಂದ, ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸಾಯತೊಡಗಿದ್ದರು. ಅದೂ ಕಾಡು, ತೋಟ, ಕೊಟ್ಟಿಗೆ ಒಂದಕ್ಕೊಂದು ತಾಗಿಕೊಂಡಿರುವ ಊರೇ.