ಗಾಡಿಯಲ್ಲಿ ಹುಟ್ಟಿದ ಫೋನು



ಕಳೆದ ಭತ್ತದ ಸುಗ್ಗಿಯಲ್ಲಿ ನನ್ನಿಂದ ಒಂದು ತಪ್ಪು ನಡೆಯಿತು. ಅದನ್ನು ನಿಮ್ಮೆದುರು ಒಪ್ಪಿಕೊಳ್ಳುವವರೆಗೆ ಮನಸ್ಸಿಗೆ ಸಮಾಧಾನವಿಲ್ಲ. ಆದರೆ ಬದುಕಿಡೀ ಇತಿಹಾಸ ಬೋಧಿಸಿದ ನನಗೆ ಯಾವ ಸಂಗತಿಯನ್ನೂ ನಡುವಿನಿಂದ ಹೇಳಿ ಅಭ್ಯಾಸವಿಲ್ಲ. ಆದ್ದರಿಂದ ಮೊದಲಿನಿಂದಲೇ ಆರಂಭಿಸುತ್ತೇನೆ; ತರಗತಿಯಲ್ಲಿ ಕುಳಿತಂತೆ ತುಸು ತಾಳ್ಮೆಯಿಂದ ಕೇಳಬೇಕು.

ಇಂದು ನಮ್ಮ ಕಿಸೆಯಲ್ಲಿರುವ ಫೋನು ಮೊದಲು ಕಿಸೆಗಾಗಿ ಹುಟ್ಟಿದ್ದಲ್ಲ. ಅದು ಹುಟ್ಟಿದ್ದೇ ಮೋಟಾರು ಗಾಡಿಯಲ್ಲಿ. 1946ರ ಜೂನ್ 17ರಂದು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಬೆಲ್ ಸಂಸ್ಥೆಯು ವಾಹನಗಳೊಳಗಿನ ದೂರವಾಣಿ ಸೇವೆಯನ್ನು ಆರಂಭಿಸಿತು. ಅದರ ಸಲಕರಣೆಗಳ ತೂಕ ಸುಮಾರು 36 ಕಿಲೋ. ಆಪರೇಟರ್ ಮೂಲಕವೇ ಕರೆ ಜೋಡಣೆಯಾಗಬೇಕಿತ್ತು. ಅದನ್ನು ಗಾಡಿಯಿಂದ ಬಿಡಿಸಿ ಮನುಷ್ಯನ ಕೈಗೆ ತರಲು 27 ವರ್ಷ ಹಿಡಿಯಿತು. 1973ರ ಏಪ್ರಿಲ್ 3ರಂದು ಮೋಟೊರೋಲಾ ಸಂಸ್ಥೆಯ ಮಾರ್ಟಿನ್ ಕೂಪರ್ ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಕೈಯಲ್ಲಿ ಹಿಡಿದ ಫೋನಿನಿಂದ ಮೊದಲ ಕರೆ ಮಾಡಿದರು. ನಮ್ಮ ದೇಶದಲ್ಲಿ 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದಾಗ ಈ ಯುಗ ಆರಂಭವಾಯಿತು.

ಆ ದಿನಗಳಲ್ಲಿ ಬಳ್ಳಾರಿಯ ನಾವೆಲ್ಲ ಎಸ್.ಟಿ.ಡಿ. ಬೂತಿನ ಜನ. ಗಾಜಿನ ಬಾಗಿಲು ಹಾಕಿಕೊಂಡು, ಕೆಂಪು ಅಂಕಿಗಳ ಮೀಟರಿನ ಮೇಲೆ ಒಂದು ಕಣ್ಣಿಟ್ಟು, ಹೇಳಬೇಕಾದುದನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡು ಮಾತಾಡುತ್ತಿದ್ದೆವು. ಫೋನಿಗೆ ತಂತಿ ಇತ್ತು. ಆದ್ದರಿಂದ ಮಾತಾಡುವವನು ನಿಂತಲ್ಲೇ ನಿಲ್ಲಬೇಕಿತ್ತು. ಆ ತಂತಿ ನಮ್ಮನ್ನು ಎಷ್ಟು ಕಾಪಾಡಿತ್ತೆಂಬುದು ಆಗ ತಿಳಿಯಲಿಲ್ಲ.

ಮೊಬೈಲ್ ಬಂದ ಹೊಸದರಲ್ಲಿ ಅದನ್ನು ಕಾಪಾಡಿದ್ದು ಬೆಲೆ. ನಿಮಿಷಕ್ಕೆ 16 ರೂಪಾಯಿಯವರೆಗೂ ದರವಿತ್ತು, ಬಂದ ಕರೆಗೂ ಹಣ ತೆರಬೇಕಿತ್ತು. 2002ರ ಅಕ್ಟೋಬರ್‌ನಲ್ಲಿ ಬಿ.ಎಸ್.ಎನ್.ಎಲ್. ಮೊಬೈಲ್ ಸೇವೆಗೆ ಇಳಿಯಿತು. 2003ರಲ್ಲಿ ಒಳಬರುವ ಕರೆಗಳು ಉಚಿತವಾದವು. ಅದೇ ವರ್ಷ 501 ರೂಪಾಯಿ ಕಟ್ಟಿದರೆ ರಿಲಯನ್ಸ್ ಫೋನು ಮನೆಗೆ ಬಂತು. ಅಲ್ಲಿಂದಾಚೆಗೆ ಮಾತು ಅಗ್ಗವಾಯಿತು, ನಿಂತು ಮಾತಾಡುವ ವ್ಯವಧಾನ ಹೋಯಿತು. ನಮ್ಮ ಭಾಗದಲ್ಲಿ ಅದೇ ವರ್ಷಗಳಲ್ಲಿ ಅದಿರಿನ ಲಾರಿಗಳೂ ರಸ್ತೆ ತುಂಬಿದವು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸುವವರೆಗೂ ಹೊಸಪೇಟೆ, ಸಂಡೂರು, ತೋರಣಗಲ್ಲಿನ ಹಾದಿಯಲ್ಲಿ ಕೆಂಪು ಧೂಳಿನ ನಡುವೆ ಒಂದು ಕೈ ಸ್ಟೇರಿಂಗಿನ ಮೇಲೆ, ಇನ್ನೊಂದು ಕೈ ಕಿವಿಯ ಮೇಲೆ ಇಟ್ಟುಕೊಂಡ ಚಾಲಕರನ್ನು ನಾನು ಬಸ್ಸಿನ ಕಿಟಕಿಯಿಂದ ಕಂಡಿದ್ದೇನೆ. ಗಾಡಿಯಲ್ಲಿ ಹುಟ್ಟಿದ ಫೋನು ಹೀಗೆ ಗಾಡಿಗೇ ಮರಳಿತ್ತು.

ಅಪಾಯ ತಿಳಿಯದೇ ಇರಲಿಲ್ಲ. 1997ರಷ್ಟು ಹಿಂದೆಯೇ ಕೆನಡಾದ ಟೊರಾಂಟೊದಲ್ಲಿ ರೆಡೆಲ್‌ಮೈಯರ್ ಮತ್ತು ಟಿಬ್ಶಿರಾನಿ ಎಂಬ ಇಬ್ಬರು ವಿದ್ವಾಂಸರು, ಅಪಘಾತಕ್ಕೊಳಗಾದ 699 ಚಾಲಕರ ದೂರವಾಣಿ ದಾಖಲೆಗಳನ್ನು ಪರಿಶೀಲಿಸಿದರು. ಫೋನಿನಲ್ಲಿ ಮಾತಾಡುವಾಗ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚೆಂದು ಕಂಡುಬಂತು. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದು: ಕೈಯಲ್ಲಿ ಹಿಡಿಯದೆ ಮಾತಾಡುವ ಸಲಕರಣೆ ಇದ್ದವರೂ ಹೆಚ್ಚು ಸುರಕ್ಷಿತರೇನಾಗಿರಲಿಲ್ಲ. ಮುಂದೆ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು ಇದರ ಕಾರಣವನ್ನು ವಿವರಿಸಿದರು. ಮಾತಿನಲ್ಲಿ ಮುಳುಗಿದ ಚಾಲಕನ ಕಣ್ಣು ರಸ್ತೆಯನ್ನು ನೋಡುತ್ತಿದ್ದರೂ ಮನಸ್ಸು ಅದನ್ನು ದಾಖಲಿಸುವುದಿಲ್ಲ. ಪಕ್ಕದಲ್ಲಿ ಕುಳಿತವರು ಎಮ್ಮೆ ಅಡ್ಡ ಬಂದರೆ ಮಾತು ನಿಲ್ಲಿಸುತ್ತಾರೆ. ಫೋನಿನ ಆಚೆಯವರಿಗೆ ಎಮ್ಮೆ ಕಾಣುವುದಿಲ್ಲ. ಅವರ ಮಾತು ಸಾಗುತ್ತಲೇ ಇರುತ್ತದೆ.

ಪರದೆ ನೋಡುವವರಿಗೆ ಒಂದು ಸಣ್ಣ ಲೆಕ್ಕ ಕೊಡುತ್ತೇನೆ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಮೂರು ಸೆಕೆಂಡು ಕಣ್ಣು ಫೋನಿನ ಮೇಲಿದ್ದರೆ ಗಾಡಿ 50 ಮೀಟರ್ ಕುರುಡಾಗಿ ಓಡಿರುತ್ತದೆ.

ಕಿವಿ ಮುಚ್ಚಿದರೂ ಅಷ್ಟೇ. ಸುಧಾ ಕ್ರಾಸಿನ ರೈಲ್ವೆ ಗೇಟಿನಲ್ಲಿ ಗೊಣಗುತ್ತ ಕಾದವರು ನಾವು. ಗೇಟೇ ಇಲ್ಲದ ಕಡೆ ಏನಾಯಿತು ನೋಡಿ. 2018ರ ಏಪ್ರಿಲ್ 26ರಂದು ಉತ್ತರ ಪ್ರದೇಶದ ಕುಶಿನಗರ ಜಿಲ್ಲೆಯ ಕಾವಲಿಲ್ಲದ ಕ್ರಾಸಿಂಗಿನಲ್ಲಿ ಶಾಲಾ ವ್ಯಾನಿಗೆ ರೈಲು ಬಡಿದು 13 ಮಕ್ಕಳು ಸತ್ತರು. ಚಾಲಕನ ಕಿವಿಯಲ್ಲಿ ಇಯರ್‌ಫೋನ್ ಇತ್ತೆಂದು ಅಧಿಕಾರಿಗಳು ಅಂದೇ ಹೇಳಿದರು. ಶಾಲೆಯಲ್ಲಿ ಹಾಜರಿ ಪುಸ್ತಕ ಹಿಡಿದವನಿಗೆ ಆ 13 ಎಂಬುದು ಬರಿಯ ಅಂಕಿಯಾಗಿ ಉಳಿಯುವುದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಗಳ ಪ್ರಕಾರ ಚಾಲನೆಯ ವೇಳೆ ಮೊಬೈಲ್ ಬಳಕೆಯಿಂದ 2016ರಲ್ಲಿ 2,138 ಮಂದಿ, 2022ರಲ್ಲಿ 3,395 ಮಂದಿ ಪ್ರಾಣ ಕಳೆದುಕೊಂಡರು.

ಕಾನೂನು ನಿಧಾನವಾಗಿ ಹಿಂದೆ ಬಂತು. 2015ರಲ್ಲಿ ಸರ್ವೋಚ್ಚ ನ್ಯಾಯಾಲಯದ ರಸ್ತೆ ಸುರಕ್ಷತಾ ಸಮಿತಿಯು ಇಂಥ ಚಾಲಕರ ಪರವಾನಗಿಯನ್ನು ಕನಿಷ್ಠ ಮೂರು ತಿಂಗಳು ಅಮಾನತು ಮಾಡುವಂತೆ ರಾಜ್ಯಗಳಿಗೆ ಸೂಚಿಸಿತು. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ, ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನದ ಬಳಕೆಯು 184ನೇ ಕಲಮಿನ ಅಪಾಯಕಾರಿ ಚಾಲನೆಯ ವಿವರಣೆಯಲ್ಲೇ ಸೇರಿತು. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ವೃತ್ತಗಳಲ್ಲಿ ಫೋನು ಹಿಡಿದವರನ್ನೂ ಗುರುತಿಸುವ ಕ್ಯಾಮೆರಾ ವ್ಯವಸ್ಥೆ ಆರಂಭವಾಯಿತು. ಇವೆಲ್ಲ ಬೇಕಾದವೇ. ಆದರೆ ಕ್ಯಾಮೆರಾಕ್ಕೆ ಕಾಣುವುದು ಕೈ ಮಾತ್ರ. ಮನಸ್ಸು ಎಲ್ಲಿದೆಯೆಂಬುದು ಅದಕ್ಕೂ ಕಾಣದು, ಪೊಲೀಸರಿಗೂ ಕಾಣದು.

ಇನ್ನು ನನ್ನ ತಪ್ಪಿನ ವಿಚಾರ. ಹಳೆಯ ವಿದ್ಯಾರ್ಥಿಗಳ ಒಂದು ತಂಡ ಸ್ನೇಹಕೂಟ ಏರ್ಪಡಿಸಿತ್ತು. ಸಿರುಗುಪ್ಪದ ಕಡೆ ಬೇಸಾಯ ಮಾಡಿಕೊಂಡಿರುವ ಒಬ್ಬ ವಿದ್ಯಾರ್ಥಿಗೆ ಸಂಜೆ ಫೋನು ಮಾಡಿದೆ. “ಸರ್, ಗಾಡಿ ಮ್ಯಾಲದೀನ್ರಿ, ಪರವಾಗಿಲ್ಲ, ಹೇಳ್ರಿ ಸರ್” ಎಂದ. ಫೋನನ್ನು ಹೆಲ್ಮೆಟ್ಟಿನೊಳಗೆ ಸಿಕ್ಕಿಸಿಕೊಂಡಿದ್ದನಂತೆ. ಆ ಕ್ಷಣವೇ ನಾನು ಫೋನು ಇಡಬೇಕಿತ್ತು. ಇಡಲಿಲ್ಲ. ಊಟಕ್ಕೆ ಹೋಳಿಗೆ ಮಾಡಿಸುವುದೋ, ಗೋಧಿ ಹುಗ್ಗಿ ಮಾಡಿಸುವುದೋ ಎಂದು ಕೇಳಿದೆ. “ಹುಗ್ಗೀನೇ ಇರ್ಲಿ...” ಎನ್ನುತ್ತಿದ್ದವನ ಮಾತು ನಡುವೆ ನಿಂತಿತು. ಏನೋ ಬಿದ್ದ ಸದ್ದು. ಬಳಿಕ ದೂರದಲ್ಲಿ ಯಾರೋ ಓಡಿ ಬರುವ, ಕೂಗುವ ದನಿ. ಕರೆ ಕಡಿತವಾಗಿರಲಿಲ್ಲ. ಪಾರ್ವತಿನಗರದ ಮನೆಯ ಜಗಲಿಯಲ್ಲಿ ನಿಂತು ಅದನ್ನೆಲ್ಲ ಕೇಳಿಸಿಕೊಂಡೆ.

ರಸ್ತೆಯ ಅರ್ಧ ಭಾಗದಲ್ಲಿ ಭತ್ತ ಒಣ ಹಾಕಿದ್ದರು. ಅಂಚಿಗಿಟ್ಟ ಕಲ್ಲಿಗೆ ಗಾಡಿ ಬಡಿದಿತ್ತು. ಅವನ ಎರಡೂ ಕೈ ಹ್ಯಾಂಡಲಿನ ಮೇಲೇ ಇದ್ದವು, ಕಣ್ಣು ರಸ್ತೆಯ ಮೇಲೇ ಇತ್ತು. ಮನಸ್ಸು ಮಾತ್ರ ನನ್ನ ಹುಗ್ಗಿಯ ಪಾತ್ರೆಯಲ್ಲಿತ್ತು. ಎಡಗೈ ಮುರಿಯಿತು. ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು. ಆಸ್ಪತ್ರೆಗೆ ಹೋಗಿ ನಾನು ಕ್ಷಮೆ ಕೇಳಿದರೆ ಅವನೇ ಸಂಕೋಚಪಟ್ಟ: “ನಿಮ್ ಫೋನು ಬಂದ್ರ ಎತ್ಲಾರ್ದ ಹೆಂಗಿರ್ಲಿ ಸರ್?”

ಆ ಮಾತು ನನ್ನನ್ನು ಇಂದಿಗೂ ಕಾಡುತ್ತಿದೆ. ಚಾಲಕನ ತಪ್ಪನ್ನು ಕಾಯ್ದೆ ಬರೆದಿದೆ. ಗಾಡಿಯ ಮೇಲಿದ್ದಾನೆಂದು ತಿಳಿದೂ ಮಾತು ಮುಂದುವರಿಸುವವನ ತಪ್ಪು ನಾವೇ ಬರೆದುಕೊಳ್ಳಬೇಕಾದದ್ದು. ಈಗ ಯಾರಿಗೆ ಕರೆ ಮಾಡಿದರೂ ನನ್ನ ಮೊದಲ ಪ್ರಶ್ನೆ “ಎಲ್ಲಿದ್ದೀಯಪ್ಪಾ?” ಎಂಬುದೇ. ಗಾಡಿಯ ಮೇಲೆ ಎಂದರೆ ಅಲ್ಲಿಗೇ ಇಟ್ಟುಬಿಡುತ್ತೇನೆ. ಬಂಧುಗಳೂ ಹೀಗೆಯೇ ಮಾಡಬೇಕೆಂದು ಕೋರುತ್ತೇನೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ಹೆಸರು ಕರೆದ ಕೂಡಲೇ ಎದ್ದು ನಿಂತು “ಹಾಜರ್ ಸರ್” ಎನ್ನಬೇಕೆಂದು ನಿಮಗೆ ಕಲಿಸಿದವನು ನಾನೇ. ಆ ಪಾಠಕ್ಕೆ ಇಂದು ಒಂದು ತಿದ್ದುಪಡಿ ಮಾಡುತ್ತಿದ್ದೇನೆ. ಗಾಡಿಯ ಮೇಲಿರುವಾಗ ನನ್ನ ಕರೆ ಬಂದರೆ ಉತ್ತರಿಸಬೇಡಿ. ಗೈರುಹಾಜರಿ ಹಾಕುವುದಿಲ್ಲ.