ತೆರೆದ ಬಾಗಿಲು, ಬಾರದ ರೋಗಿ

ಮಹಾಮಾರಿಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಸತ್ತವರ ಲೆಕ್ಕದಿಂದ ಬರೆಯುತ್ತೇವೆ. ಆ ಲೆಕ್ಕಕ್ಕೆ ಸಿಕ್ಕದ ನಷ್ಟವೂ ಒಂದುಂಟು. ವಾಚಕರೇ, 2020ರ ಕೋವಿಡ್ ಕಾಲದಲ್ಲಿ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಒದಗಿದ ಅಂಥ ನಷ್ಟವನ್ನು ಕುರಿತು ಇಲ್ಲಿ ನಾಲ್ಕು ಮಾತು.

ಮೊದಲು ಈ ಕೇಂದ್ರಗಳ ಹುಟ್ಟನ್ನು ನೆನೆಯೋಣ. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿ 1946ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಹಣ ಕೊಡಲಾರದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಕೂಡದು. ರೋಗ ವಾಸಿಮಾಡುವ ಕೆಲಸವೂ ರೋಗ ಬಾರದಂತೆ ತಡೆಯುವ ಕೆಲಸವೂ ಒಂದೇ ಸೂರಿನಡಿ ನಡೆಯಬೇಕು ಎಂಬುದು ಅದರ ತಿರುಳು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು; ಅದರ ಅಂಗವಾಗಿ ಈ ಕೇಂದ್ರಗಳು ಹಳ್ಳಿಗಾಡಿಗೆ ಕಾಲಿಟ್ಟವು. ಬೆಟ್ಟಗುಡ್ಡವಿಲ್ಲದ ಸೀಮೆಯಲ್ಲಿ 30,000 ಜನಕ್ಕೊಂದು ಕೇಂದ್ರ, 5,000 ಜನಕ್ಕೊಂದು ಉಪಕೇಂದ್ರ ಎಂಬ ಅಳತೆ ಮುಂದೆ ನಿಂತಿತು. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನವು ಸುಮಾರು 1,000 ಜನಕ್ಕೆ ಒಬ್ಬರಂತೆ ಆಶಾ ಕಾರ್ಯಕರ್ತೆಯರನ್ನು ಮನೆಮನೆಗೆ ಕಳುಹಿಸಿತು. ಬಸುರಿಯ ಆರೈಕೆ, ಕೂಸಿನ ಲಸಿಕೆ, ಕ್ಷಯರೋಗಿಯ ಮಾತ್ರೆ, ಎಲ್ಲವೂ ಈ ಹೆಂಗಸರ ಕಾಲ್ನಡಿಗೆಯ ಮೇಲೆ ನಿಂತಿದ್ದವು.

ಹೀಗಿರಲು 2020ರ ಮಾರ್ಚ್ ಬಂದಿತು. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯ ವೃದ್ಧರೊಬ್ಬರದು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಆರೋಗ್ಯ ಕೇಂದ್ರದ ಬಾಗಿಲೇನೋ ತೆರೆದೇ ಇತ್ತು. ಆದರೆ ಬಸ್ಸಿಲ್ಲದ ಊರಿನಿಂದ ರೋಗಿ ಬರುವುದು ಹೇಗೆ? ದಿನಗೂಲಿ ನಿಂತವನ ಕೈಯಲ್ಲಿ ಆಟೋದ ಬಾಡಿಗೆ ಎಲ್ಲಿಯದು? ಬರಬಲ್ಲವರಿಗೂ ಆಸ್ಪತ್ರೆಯೆಂದರೆ ಅಂಜಿಕೆ. ಇತ್ತ ಆಶಾ ಕಾರ್ಯಕರ್ತೆ ಜ್ವರ ಬಂದವರನ್ನೂ ಪರಸ್ಥಳದಿಂದ ಬಂದವರನ್ನೂ ಪಟ್ಟಿಮಾಡುತ್ತಿದ್ದಳು. ಎಂದಿನ ಕೆಲಸಕ್ಕೆ ಬೇರೆ ಕೈಗಳಿರಲಿಲ್ಲ.

ಕ್ಷಯವನ್ನೇ ನೋಡಿ. ಕೆಮ್ಮು ಅದರ ಲಕ್ಷಣ, ಕೋವಿಡ್‌ನದೂ ಅದೇ. ಕೆಮ್ಮುತ್ತೇನೆಂದು ಹೇಳಿಕೊಂಡರೆ ಎಲ್ಲಿಗೆ ಸಾಗಿಸಿಬಿಡುವರೋ ಎಂದು ಬಡವ ಬಾಯಿ ಬಿಡಲಿಲ್ಲ. ಕಫ ಪರೀಕ್ಷೆಯ ಯಂತ್ರಗಳಲ್ಲಿ ಹಲವು ಕೋವಿಡ್ ಪರೀಕ್ಷೆಗೆ ಹೋದವು. 2019ರಲ್ಲಿ ದೇಶದಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ದಾಖಲಾಗಿದ್ದರೆ, 2020ರಲ್ಲಿ ದಾಖಲಾದವರು ಸುಮಾರು 18 ಲಕ್ಷ. ರೋಗ ಕಡಿಮೆಯಾಯಿತೆಂದು ಯಾರೂ ಸಂತೋಷಪಡಬೇಕಾಗಿಲ್ಲ. ಗುರುತಿಗೆ ಸಿಕ್ಕದ ರೋಗಿ ಮದ್ದಿಲ್ಲದೆ ಮನೆಯಲ್ಲೇ ಉಳಿದ, ಒಡನಿದ್ದವರಿಗೂ ಅಪಾಯವಾಯಿತು. ಕ್ಷಯದಿಂದ ಸಾಯುವವರ ಸಂಖ್ಯೆ ಜಗತ್ತಿನಲ್ಲಿ ವರ್ಷವರ್ಷವೂ ಇಳಿಯುತ್ತಿದ್ದದ್ದು ದಶಕಕ್ಕೂ ಹೆಚ್ಚು ಕಾಲದ ಮೇಲೆ 2020ರಲ್ಲಿ ಮತ್ತೆ ಏರಿತು.

ಕೂಸುಗಳ ಕಥೆಯೂ ಹೀಗೆಯೇ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳನ್ನು ತಡೆಯುವ ಲಸಿಕೆಯ ಮೊದಲ ಚುಚ್ಚುಮದ್ದೂ ಸಿಕ್ಕದ ಮಕ್ಕಳು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ಅಂದಾಜಿನಂತೆ ಭಾರತದಲ್ಲಿ 2019ರಲ್ಲಿ 14 ಲಕ್ಷ. 2020ರಲ್ಲಿ 30 ಲಕ್ಷ. 2020ರ ಏಪ್ರಿಲ್‌ನಲ್ಲಿ ದೂರವಾಣಿಯ ಮೂಲಕ ವೈದ್ಯರ ಸಲಹೆ ಕೊಡಿಸುವ ಇ-ಸಂಜೀವಿನಿ ಸಾರ್ವಜನಿಕರಿಗೆ ದೊರೆಯಿತು. ಅದರಿಂದ ಉಪಕಾರವಾದದ್ದು ನಿಜ. ಆದರೆ ದೂರವಾಣಿಯಲ್ಲಿ ಚುಚ್ಚುಮದ್ದು ಹಾಕಲಾದೀತೆ? ರಕ್ತದ ಒತ್ತಡ ಅಳೆಯಲಾದೀತೆ?

ಈ ನಡುವೆ ಜುಲೈ ತಿಂಗಳಲ್ಲಿ ಕರ್ನಾಟಕದ ಸುಮಾರು 42,000 ಆಶಾ ಕಾರ್ಯಕರ್ತೆಯರು ಮುಷ್ಕರ ಹೂಡಿದರು. ತಿಂಗಳಿಗೆ 12,000 ರೂಪಾಯಿ ಖಚಿತ ಗೌರವಧನ, ಸೋಂಕಿನಿಂದ ರಕ್ಷಿಸುವ ಸಲಕರಣೆ, ಇವು ಅವರ ಬೇಡಿಕೆಗಳು. ಜನ ಚಪ್ಪಾಳೆ ತಟ್ಟಿದ್ದರು. ಚಪ್ಪಾಳೆಯಿಂದ ಒಲೆ ಉರಿಯುವುದಿಲ್ಲವಷ್ಟೆ! 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿಯಿತ್ತು ಗೌರವಿಸಿತು.

ಕಳೆದದ್ದನ್ನು ಮತ್ತೆ ಗಳಿಸಿದವರೂ ಬಹುಮಟ್ಟಿಗೆ ಇವರೇ. 2022ರ ವೇಳೆಗೆ ದಾಖಲಾದ ಕ್ಷಯರೋಗಿಗಳ ಸಂಖ್ಯೆ ಮತ್ತೆ 24 ಲಕ್ಷ ಮುಟ್ಟಿತು; ಮೊದಲ ಲಸಿಕೆ ತಪ್ಪಿದ ಮಕ್ಕಳ ಸಂಖ್ಯೆ 11 ಲಕ್ಷಕ್ಕೆ ಇಳಿಯಿತು. ಮನೆಮನೆ ಹುಡುಕಿ ಪಡೆದ ಫಲವಿದು. ಆದರೂ ತಡವಾಗಿ ಗುರುತಾದ ರೋಗ ಆ ನಡುವೆ ಮಾಡಿದ ಹಾನಿಯನ್ನು ಯಾವ ಪಟ್ಟಿಯೂ ಹಿಂದಿರುಗಿಸಲಾರದು.

ಮುಂದೆ ಮತ್ತೊಂದು ಮಹಾಮಾರಿ ಬಾರದೆಂದು ಹೇಳುವ ಧೈರ್ಯ ಯಾರಿಗಿದೆ? ಬಂದಾಗ ಅದನ್ನು ಎದುರಿಸಲು ಬೇರೆ ಕೈಗಳು ಬೇಕು, ಎಂದಿನ ಮದ್ದು ಕೊಡಲು ಬೇರೆ ಕೈಗಳು ಬೇಕು. ಈ ಚರಿತ್ರೆ ಕಲಿಸುವ ಪಾಠ ಇದೇ. ಅಲ್ಲಿಯವರೆಗೆ ನೀವೂ ಒಂದು ಕೆಲಸ ಮಾಡಬಹುದು. ನಿಮ್ಮ ಮನೆಗೆಲಸಕ್ಕೆ ಬರುವಾಕೆಗೆ ಆ ವರ್ಷ ಹುಟ್ಟಿದ ಮಗುವಿದ್ದರೆ, ಅದರ ತಾಯಿ ಕಾರ್ಡನ್ನು ಒಮ್ಮೆ ತೆಗೆದು ನೋಡಲು ಹೇಳಿ. ಯಾವುದಾದರೊಂದು ಮನೆ ಖಾಲಿ ಉಳಿದಿದ್ದರೆ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಲಿ.